ಎಮ್ಮೆಗೆ ಜಹಾಜದ ಹಾಡು

ಎಮ್ಮೆ ಬಾವಿಗೆ ಬಿದ್ದಾಗ ಸೋನಾಲಿ ಸಮುದ್ರದ ಮೇಲಿದ್ದಳು. ಕೂತದ್ದೇನೋ ಹುಡಗಿ ಎಂಬ ತಮ್ಮೂರಿನ ಹೊಲದ ಬದುವಿನ ಮೇಲೆಯೇ, ಎಮ್ಮೆಯ ಹಗ್ಗವೂ ಕೈಯಲ್ಲೇ ಇತ್ತು. ಆದರೆ ಕಬ್ಬಿನ ಗರಿ ಗಾಳಿಗೆ ಒಂದೇ ಸಮನೆ ಸರಸರ ಎನ್ನತೊಡಗಿದರೆ ಆಕೆಗೆ ಅದು ನೀರೇ. ಹಗ್ಗ ಯಾವಾಗ ಜಾರಿತೋ ತಿಳಿಯಲಿಲ್ಲ. ಧಡಲ್ ಅಂತ ಸಪ್ಪಳವಾದಾಗ ಯಾರೋ ಲಂಗರು ಇಳಿಸಿದರು ಅಂದುಕೊಂಡಳು. ಆಮೇಲೆ ಕಾಶಿ ಒದರಿದ್ದು ಕೇಳಿಸಿತು. ಕಾಶಿ ಮನೆಯ ಎಮ್ಮೆ, ತುಂಬಿದ ಗಬ್ಬ.

ಆಕೆ ಕೂಗಿಕೊಂಡ ಕೂಗಿಗೆ ಸುತ್ತಲಿನ ಹೊಲದವರೆಲ್ಲ ಓಡಿ ಬಂದರು. ಜೆಸಿಬಿ ಹಳ್ಳಿಖೇಡಕ್ಕೆ ಹೋಗಿತ್ತು. ಟ್ರ್ಯಾಕ್ಟರ್ ತರೋಣವೆಂದರೆ ಅಂದು ಮುಂಜಾನೆಯಷ್ಟೇ ನೀರು ಬಿಟ್ಟ ಹೊಲ. ಬದು ದಾಟುವ ಮೊದಲೇ ಗಾಲಿ ಹೂತುಕೊಂಡು ನಿಂತಿತು. ಕಬ್ಬಿನ ಲಾರಿ ಓಡಿಸುವ ಅಜೀಮುದ್ದೀನ್ ತನ್ನ ಲಾರಿಯ ದಪ್ಪ ಹಗ್ಗ ತಂದು ಬಾವಿಗಿಳಿದ, ಈಜುತ್ತ ಎಮ್ಮೆಯ ಹೊಟ್ಟೆಯಡಿ ಎರಡು ಸುತ್ತು ಬಿಗಿದ. ಬಾವಿಯ ಮೇಲಿನ ಕಬ್ಬಿಣದ ತೊಲೆಗೆ ಗಡಗಡಿ ರಾಟೆ ಕಟ್ಟಿ ಹಗ್ಗದ ಇನ್ನೊಂದು ತುದಿಯನ್ನು ಹೊಲದ ಕಡೆ ಎಳೆದರು. ಜನವೇನೋ ಬೇಕಾದಷ್ಟಿತ್ತು. ಒಬ್ಬ ಜಗ್ಗಿದರೆ ಇನ್ನೊಬ್ಬ ಅಂಗೈಗೆ ಉಗುಳಿಕೊಳ್ಳುತ್ತಿದ್ದ. ಎಮ್ಮೆ ಒಂದು ಮೊಳ ಏರುವುದು, ಮತ್ತೆ ನೀರಿಗೆ ಬೀಳುವುದು. ಪ್ರತಿ ಸಲ ಅದರ ತಲೆ ಇನ್ನಷ್ಟು ತಡವಾಗಿ ಮೇಲೆ ಬರುತ್ತಿತ್ತು.

"ಏ ಸೋನಾಲಿ," ಹಗ್ಗದ ತುದಿಯಲ್ಲಿದ್ದ ದತ್ತು, ಆಕೆಯ ಸೋದರಮಾವನ ಮಗ, ಏದುಸಿರಿನಲ್ಲೂ ಕೆಣಕಿದ, "ನಿಮ್ಮ ಮುತ್ಯಾನ ಜಹಾಜದ ಹಾಡು ಹಾಡಬಾರದೇನ! ಸಮುದ್ರದಾಗ ಅಷ್ಟೆಲ್ಲ ಏರಿಸ್ಯಾನಂತ, ಒಂದು ಎಮ್ಮಿ ಏರಂಗಿಲ್ಲೇನು?"

"ನಮ್ಮಪ್ಪ ಎಲ್ಲಿ ಜಹಾಜ ಕಂಡಾನ ಬಿಡೋ," ಎಂದ ಪಂಡರಿ ಕಾಕಾ, ಸೋನಾಲಿಯ ಅಪ್ಪನ ತಮ್ಮ. "ಮುಂಬೈ ಗೋದಾಮಿನ್ಯಾಗ ಮೂಟಿ ಹೊತ್ತಾನ. ಉಳಿದದ್ದೆಲ್ಲ ನಮ್ಮವ್ವನ ಬಾಯಿ."

ಈ ಮುತ್ಯಾನ, ಅಂದರೆ ಅಜ್ಜನ, ವಿಷಯದಲ್ಲಿ ಸೋನಾಲಿಗೆ ಮೊದಲಿಂದಲೂ ಗೊಂದಲ. ತನ್ನೂರು ಮಂಠಾಳದಿಂದ ಓಡಿಹೋಗಿ, ಹಾಯಿ ಕಟ್ಟಿದ ಜಹಾಜ ಹತ್ತಿ, ಖಜೂರದ ನಾಡು ನೋಡಿ ಬಂದವ ಅಜ್ಜಿ, ಅಂದರೆ ಆಯಿ, ಹೇಳುವ ಕಥೆಯ ಮುತ್ಯಾ. ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡು ಬಂದವ ಕಾಕಾನ ಮುತ್ಯಾ. ಇಬ್ಬರಿಗೂ ಸೇರಿ ಗೋಡೆಯ ಮೇಲೆ ಒಂದೇ ಫೋಟೋ. ಹಾಡು ಮಾತ್ರ ಖರೇ ಇತ್ತು. ಮನೆಯ ಮಕ್ಕಳೆಲ್ಲ ಆ ಹಾಡಿಗೇ ಮಲಗಿದವರು.

ಆಕೆ ನಾಚಿಕೆ ಬಿಟ್ಟು ಬಾವಿಯ ಕಟ್ಟೆ ಹತ್ತಿದಳು. ಆಯಿ ತೊಟ್ಟಿಲು ತೂಗುತ್ತ ಹಾಡಿದ ಹಾಗೆಯೇ ಶುರುಮಾಡಿದಳು:

"ಗಾಳಿ ಬಂತು, ಶೀಡ ಏರಲಿ, ಹೋ ಯಾಲಾ..."

ಶೀಡವೆಂದರೆ ಜಹಾಜದ ದೊಡ್ಡ ಬಟ್ಟೆ, ಹಾಯಿ, ಎಂದು ಆಯಿ ಹೇಳಿದ್ದಳು. ತೊಟ್ಟಿಲ ಹಗ್ಗವನ್ನು ಆಯಿ "ಗಾಳಿ ಬಂತು" ಎನ್ನುವಾಗ ಜಗ್ಗಿ, "ಯಾಲಾ" ಎನ್ನುವಾಗ ಬಿಡುತ್ತಿದ್ದಳು. ಮಂದಿಯೂ ಹಾಗೇ ಮಾಡಿದರು. ಸಾಲಿಗೆ ಜಗ್ಗಿದರು, "ಯಾಲಾ" ಬಂತೋ ಇಲ್ಲವೋ ಎಲ್ಲರ ಕೈಯೂ ಮೆತ್ತಗಾಯಿತು, ಹಗ್ಗ ಜಾರಿತು. ಎಮ್ಮೆ ಮತ್ತೆ ನೀರಿಗೆ.

"ಯಾರ್ರೀ ಅದು ಜೋಗುಳ ಹಾಡಾಕತ್ತೀರಿ?" ಬಾವಿಯೊಳಗಿಂದ ಅಜೀಮುದ್ದೀನ್ ಕಿರುಚಿದ. "ಎಮ್ಮಿ ಮಲಗಿಬಿಟ್ಟರ ಎಬ್ಬಿಸೋರು ಯಾರು?"

ಅಂಥ ಹೊತ್ತಿನಲ್ಲೂ ಮಂದಿ ನಕ್ಕರು. ಸೋನಾಲಿಯ ಅವ್ವ ಮಾತ್ರ ನಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಬಾವಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಕೋಲೂರಿಕೊಂಡು ಆಯಿ ಗಯಾಬಾಯಿ ಬಂದಳು. ಸೋನಾಲಿ ಕಟ್ಟೆಯಿಂದ ಜಿಗಿದು ಆಯಿಯ ಎರಡೂ ಕೈ ಹಿಡಿದಳು.

"ಆಯಿ, ಹಾಡಿನಾಗ ಜಗ್ಗೋದು ಎಲ್ಲಿ?"

"ನನಗೇನ ಗೊತ್ತ ಪೋರಿ? ನಾ ಜಹಾಜ ನೋಡೀನೇನು? ತೊಟ್ಟಿಲ ಜಗ್ಗೀನಿ, ಅಷ್ಟ."

"ಮುತ್ಯಾ ಹ್ಯಾಂಗ ಹಾಡ್ತಿದ್ದ ಹೇಳು, ಜಲ್ದಿ!"

ಗಯಾಬಾಯಿ ಕಣ್ಣು ಕಿರಿದು ಮಾಡಿದಳು. "ಆತಗ ಪೂರಾ ಎಲ್ಲಿ ಬರ್ತಿತ್ತು? ಒಂದು ಸಾಲು ಹಾಡಿ ಸುಮ್ಕ ಕುಂದರ್ತಿದ್ದ, ಯಾರಿಗೋ ಕಾಯ್ದಂಗ. ಮರ್ತಾನ ಅಂತ ತಿಳ್ಕೊಂಡು ಆ 'ಯಾಲಾ' ನಾನೇ ಹಾಕ್ತಿದ್ದೆ. ಹಾಕಿದ್ರ ನಗ್ತಿದ್ದ."

ಸೋನಾಲಿ ಆಯಿಯ ಕೈ ಬಿಟ್ಟಳು. ಆತ ಮರೆತಿರಲಿಲ್ಲ. ಆ 'ಯಾಲಾ' ಆತನ ಪಾಲೇ ಆಗಿರಲಿಲ್ಲ, ಹಗ್ಗ ಜಗ್ಗುವವರ ಪಾಲು.

ಮತ್ತೆ ಕಟ್ಟೆ ಹತ್ತಿ ಕೂಗಿದಳು: "ನಾ ಹಾಡೋವಾಗ ಬರೇ ಹಿಡೀರಿ, ಉಸಿರು ತಗೋರಿ. ಯಾರೂ ಜಗ್ಗಬ್ಯಾಡ್ರಿ. 'ಹೋ ಯಾಲಾ' ನೀವು ಅನ್ನಬೇಕು, ಅಂದಾಗ ಜಗ್ಗಬೇಕು. ಕಾಕಾ, ನೀನೂ ಅನ್ನಬೇಕು!"

"ಹುಚ್ಚರ ಸಂತಿ," ಎಂದ ಕಾಕಾ, ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತ.

"ಗಾಳಿ ಬಂತು, ಶೀಡ ಏರಲಿ..."

"ಹೋ ಯಾಲಾ!"

ಗಡಗಡಿ ಕಿರ್ರೆಂದಿತು. ಹಗ್ಗ ಒಂದೇ ಸಲಕ್ಕೆ ಮಾರುದ್ದ ಹಿಂದೆ ಬಂತು, ಬಂದದ್ದು ಅಲ್ಲೇ ನಿಂತಿತು.

"ಉಪ್ಪಿನ ನೀರು ಹಿಂದ ಉಳೀಲಿ..."

"ಹೋ ಯಾಲಾ!"

ಎಮ್ಮೆಯ ಬೆನ್ನು, ಆಮೇಲೆ ಹೊಟ್ಟೆ, ಆಮೇಲೆ ನೀರು ಸೋರುವ ನಾಲ್ಕು ಕಾಲು. ಸೋನಾಲಿಗೆ ತನ್ನ ದನಿ ತನ್ನದಲ್ಲವೆನಿಸಿತು. ಇದು ಮೂಟೆಯ ಹಾಡೋ, ಹಾಯಿಯ ಹಾಡೋ? ಗೋದಾಮಿನಲ್ಲಿ ಯಾರು ಗಾಳಿಗೆ ಕಾಯುತ್ತಾರೆ? ಹಾಡೇನೋ ಏರುತ್ತಿತ್ತು, ತಲೆಯೊಳಗೆ ಎಲ್ಲ ಕದಡಿತ್ತು.

"ಖಜೂರದ ಊರು ಹತ್ರ ಬರಲಿ..."

"ಹೋ ಯಾಲಾ!"

ಎಮ್ಮೆ ಕಟ್ಟೆಗಿಂತ ಮೇಲೆ ಬಂದು ಗಾಳಿಯಲ್ಲಿ ತೂಗಿತು. ಬಾವಿಯ ಗೋಡೆಯ ಮೆಟ್ಟಿಲುಗಲ್ಲು ಹಿಡಿದು ಮೇಲೆ ಬಂದಿದ್ದ ಅಜೀಮುದ್ದೀನ್ ಹೊಟ್ಟೆಯ ಪಕ್ಕದ ಹಗ್ಗ ಹಿಡಿದು ನೆಲದತ್ತ ಎಳೆಯತೊಡಗಿದ. "ಬಸ್, ಬಸ್! ಇನ್ನ ಜಗ್ಗಬ್ಯಾಡ್ರಿ, ತೊಲಿಗೆ ಬಡೀತದ!" ಆದರೆ ಮಂದಿಗೆ ಹಾಡಿನ ನಶೆ ಏರಿತ್ತು. ಅವರ ಕಿವಿಯೊಳಗೆ ಆಕೆಯ ದನಿ ಬಿಟ್ಟು ಬೇರೆ ಏನೂ ಹೋಗುತ್ತಿರಲಿಲ್ಲ. ಎಲ್ಲರೂ ಮುಂದಿನ ಸಾಲಿಗೆ ಮೈ ಬಿಗಿಹಿಡಿದು ನಿಂತಿದ್ದರು.

ಹಾಡನ್ನು ನಿಲ್ಲಿಸುವುದು ಹೇಗೆ? ಸೋನಾಲಿಗೆ ಆಗ ಹೊಳೆಯಿತು, ಈ ಹಾಡಿನ ಕೊನೆಯನ್ನು ತಾನು ಎಂದೂ ಕೇಳಿಯೇ ಇಲ್ಲ. ಕೇಳುವ ಮೊದಲೇ ನಿದ್ದೆ ಹತ್ತುತ್ತಿತ್ತು. ತಟ್ಟನೆ ಬಾಯಿ ಮುಚ್ಚಿದರೆ? ಅವರೇ "ಯಾಲಾ" ಅಂದುಬಿಟ್ಟರೆ? ಕೈಬಿಟ್ಟರೆ?

ಬೇರೇನೂ ತೋಚದೆ ಸಾಲು ಎತ್ತಿದಳು. "ಮನಿಯ ದೀಪ ಮುಂದ ಕಾಣಲಿ..." ಎತ್ತಿದ್ದನ್ನು ಮುಗಿಸಲಿಲ್ಲ. ಕೊನೆಯ ಆ "ಲಿ"ಯನ್ನು ಹಿಡಿದುಕೊಂಡೇ ನಿಂತಳು, ಎಳೆದಳು, ಎಳೆಯುತ್ತಲೇ ಹೋದಳು. ಮಂದಿ ತಮ್ಮ ಪಾಳಿಗೆ ಕಾಯುತ್ತ, ಹಗ್ಗ ಹಿಡಿದು, ಬಾಯಿ ಅರ್ಧ ತೆರೆದು ನಿಂತರು. ಅಜೀಮುದ್ದೀನ್ ಎಮ್ಮೆಯನ್ನು ನೆಲದ ಕಡೆ ವಾಲಿಸಿದ. ಸೋನಾಲಿಯ ಉಸಿರು ಕಡಿಮೆಯಾಗಿ ದನಿ ಇಳಿಯತೊಡಗಿತು. ಇಳಿದ ಹಾಗೆ ಅವರೂ, ಯಾರೂ ಹೇಳದೆ, ಒಂದೊಂದು ಹೆಜ್ಜೆ ಮುಂದೆ ಬಂದರು. ಹಗ್ಗ ಇಷ್ಟಿಷ್ಟೇ ಸಡಿಲಾಯಿತು. ಕಾಶಿಯ ಮುಂಗಾಲು ಕೆಸರಿಗೆ ಊರಿದವು, ಆಮೇಲೆ ಹಿಂಗಾಲು. ಆಕೆಯ ಉಸಿರು ಮುಗಿಯಿತು.

ಎಮ್ಮೆ ನಡುಗುತ್ತ ನಿಂತಿತು. ಅವ್ವ ಓಡಿಹೋಗಿ ಅದರ ಹೊಟ್ಟೆಗೆ ಕಿವಿ ಹಚ್ಚಿದಳು, ಹಚ್ಚಿಕೊಂಡೇ ಅಳುತ್ತ ತಲೆಯಾಡಿಸಿದಳು: ಒಳಗಿನದು ಒದೆಯುತ್ತಿದೆ.

ಆದರೂ ಯಾರೂ ಹಗ್ಗ ಬಿಡಲಿಲ್ಲ. ಬಿಡಬಹುದೋ ಬಿಡಬಾರದೋ ತಿಳಿಯದೆ ಎಲ್ಲರೂ ಸೋನಾಲಿಯತ್ತ ನೋಡಿದರು. ಆಕೆ ಆಯಿಯತ್ತ ನೋಡಿದಳು.

"ಹಿಂಗ ಮುಗೀತದೇನ ಆಯಿ?"

"ನನಗೇನ ಗೊತ್ತವ್ವ," ಎಂದಳು ಗಯಾಬಾಯಿ. "ಆತ ಮುಗಿಸಿದ್ದು ನಾ ಕೇಳಿಲ್ಲ."

ಕಬ್ಬಿನ ಗರಿ ಮತ್ತೆ ಸರಸರ ಎಂದಿತು. ಆಮೇಲೆ ಹಗ್ಗದ ನಡುವಿನಿಂದ ಪಂಡರಿ ಕಾಕಾ, ಯಾರ ಮುಖವನ್ನೂ ನೋಡದೆ, ಬಾಕಿ ಉಳಿದ ತಮ್ಮ ಪಾಲನ್ನು ಹೇಳಲೇ ಎಂದು ಕೇಳುವ ಹಾಗೆ ಮೆಲ್ಲಗೆ ಅಂದ:

"ಹೋ ಯಾಲಾ?"