ತಾತ ಬಂದರೂ ಏಳಬಾರದು

ಗುಂಡ್ಲುಪೇಟೆಯಲ್ಲಿ ನಮ್ಮ ತಾತ ಮರಿಮಲ್ಲಪ್ಪನವರ ತರಕಾರಿ ಮಂಡಿಗೆ ಅಂಟಿಕೊಂಡೇ ಒಂದು ಕೋಲ್ಡ್ ರೂಮ್ ಇದೆ. ಅಂದು ಅಲ್ಲಿ ಕ್ಯಾರೆಟ್ ಮೂಟೆಗಳ ನಡುವೆ ಒಂದು ಮಂಚ, ಅದರ ಮೇಲೆ ಬರೀ ಬನಿಯನ್ನಿನಲ್ಲಿ ನಾನು. ಸುಮ್ಮನೆ ಮಲಗಿದ ಮೈ ಚಳಿಗೆ ಏನು ಮಾಡುತ್ತದೆ, ಮತ್ತೆ ಹೇಗೆ ಬೆಚ್ಚಗಾಗುತ್ತದೆ ಎಂಬುದು ತಂಗಿ ರೂಪಶ್ರೀಯ ಎಂ.ಎಸ್ಸಿ. ಪ್ರಾಜೆಕ್ಟು. ಮೈಗೆ ಅಂಟಿಸಿದ ವೈರುಗಳಿಂದ ಒಂದು ಯಂತ್ರ ಮೈಶಾಖದ ಗೆರೆ ಬರೆಯುತ್ತದೆ; ಎದ್ದು ಕೂತರೂ ಸಾಕು, ಮೈ ಶಾಖ ಹುಟ್ಟಿಸಿ ಆ ಗೆರೆಯನ್ನೆಲ್ಲ ಕೆಡಿಸುತ್ತದೆ. ಯಂತ್ರವನ್ನು ಸಂಜೆಗೆ ಮೈಸೂರಿಗೆ ಹಿಂದಿರುಗಿಸಬೇಕು. ಮಲಗಲು ಉಳಿದಿದ್ದವನು ನಾನೊಬ್ಬನೇ.

ಹಮಾಲಿ ಮಲ್ಲೇಶನ ಸರದಿ ಬೆಳಿಗ್ಗೆಯೇ ಕೆಟ್ಟಿತ್ತು. ತಾತ ಕ್ಯಾರೆಟ್ ನೋಡಲು ಒಳಗೆ ಬಂದರು, ಅವನು ವೈರುಗಳ ಸಮೇತ ಎದ್ದು ನಿಂತ. ತಾತ ಬಂದರೆ ನಮ್ಮಲ್ಲಿ ಎಲ್ಲರೂ ಏಳುತ್ತಾರೆ; ಕಾಲುಗಳು ಯಾರನ್ನೂ ಕೇಳಿ ಏಳುವುದಿಲ್ಲ.

"ನೀನೆಂಗೂ ದಿನವೆಲ್ಲ ಸುಮ್ನೆ ಬಿದ್ದಿರ್ತೀಯ. ಇವತ್ತಾದ್ರೂ ಅದ್ರಿಂದ ನನ್ಗೊಂದು ಉಪ್ಕಾರ ಆಗ್ಲಿ," ಎಂದಳು ರೂಪಶ್ರೀ.

ಮೊದಲು ಬೆರಳುಗಳು ಬಿಳಿಚಿಕೊಂಡವು. ರಕ್ತ ಅವುಗಳ ಕೈಬಿಟ್ಟು ಒಳಕ್ಕೆ ಹೊರಟಿತ್ತು. ಆಮೇಲೆ ದವಡೆ ನಡುಗಿತು.

"ನಡುಕ ಬಂದ್ರೆ ಬರ್ಲಿ ಬುಡು, ಅದು ಬೇಕು. ನೀನಾಗೇ ಅಲ್ಲಾಡ್ಬ್ಯಾಡ," ಎಂದಳು ಯಂತ್ರದ ಪಕ್ಕ ಕೂತ ರೂಪಶ್ರೀ.

ಅಲ್ಲಾಡದೆ ಬಿದ್ದಿರುವುದು ನನಗೆ ಹಿತವಾಗಿಯೇ ಇತ್ತು.

ಬಾಗಿಲು ತೆರೆಯಿತು. ತಾತ! ನನ್ನ ಮೊಣಕಾಲು ಆಗಲೇ ಮಡಚಿಕೊಳ್ಳಲು ಹೊರಟಿತ್ತು. ರೂಪಶ್ರೀಯ ಮುಖ ನೋಡಿದವರೇ ಅವರು ಗಕ್ಕನೆ ತಿರುಗಿ ಕ್ಯಾರೆಟ್ ಮೂಟೆಗಳಿಗೆ ಮುಖ ಮಾಡಿ ನಿಂತರು.

"ಏಳ್ಬ್ಯಾಡ ಕಣ್ಲಾ ಸೋಮೇಶ. ನಾನ್ ಬಂದೇ ಇಲ್ಲ ಅಂದ್ಕೊ."

ಮೊಣಕಾಲು ಅಲ್ಲೇ ನಿಂತಿತು.

"ಸರಿ, ಓಯ್ತೀನಿ."

"ಬಾಗ್ಲು ತೆಗೀಬ್ಯಾಡಿ ತಾತ, ಸೆಕೆ ಒಳಕ್ಕೆ ಬತ್ತದೆ. ಮುಗಿಯೋಗಂಟ ಅಲ್ಲೇ ನಿಂತ್ಕಳಿ," ಎಂದು ಅವಳು ತನ್ನ ಶಾಲನ್ನು ಅವರಿಗೆ ಹೊದಿಸಿದಳು.

ಮಂಡಿಯ ಯಜಮಾನರು ತರಕಾರಿಯೆದುರು ಶಿಕ್ಷೆಗೆ ನಿಂತ ಹುಡುಗನಂತೆ ನಿಂತರು. ಅವರ ಬೆನ್ನೂ ನಡುಗುವುದು ನನಗೆ ಕಾಣುತ್ತಿತ್ತು.

ಕೊನೆಗೆ ಹಮಾಲಿಗಳು ಮಂಚದ ಸಮೇತ ನನ್ನನ್ನು ಹೊರಗೆ ಹೊತ್ತು ತಂದರು. "ಈರುಳ್ಳಿ ಮೂಟೆಗಿಂತ ಅಗುರ ಅವ್ನೆ," ಎಂದ ಮಲ್ಲೇಶ. ಕಂಬಳಿ ಹೊದಿಸಿದರು. ಈಗಲೂ ಅಲ್ಲಾಡುವಂತಿಲ್ಲ. ಹೊದ್ದ ಮೇಲೆ ಚಳಿ ಇನ್ನಷ್ಟು ಹೆಚ್ಚಾಯಿತು. ಕೈಕಾಲುಗಳ ತಣ್ಣನೆಯ ರಕ್ತ ಆಗ ಒಳಗೆ ಬರುತ್ತದಂತೆ.

ತಾತ ಮನೆಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ, ಮಂಚಕ್ಕಿಂತ ಕೆಳಗೆ, ಖಾಲಿ ಗೋಣಿಚೀಲದ ಮೇಲೆ ಕೂತು ಅಂಗೈ ಉಜ್ಜಿಕೊಂಡರು. ಅವರನ್ನು ಅಷ್ಟು ತಗ್ಗಿನಲ್ಲಿ ನಾನೆಂದೂ ನೋಡಿರಲಿಲ್ಲ. ನನ್ನ ಬೆರಳುಗಳಲ್ಲಿ ಇರುವೆ ಹರಿದಂತಾಗಿ ನಿಧಾನವಾಗಿ ಬಿಸಿ ಬಂತು.

"ಆಯ್ತಾ ಮಗಾ?" ತಾತ ಮೆಲ್ಲಗೆ ಕೇಳಿದರು.

"ಆಯ್ತು ತಾತ. ಗೆರೆ ಕೆಟ್ಟಿಲ್ಲ."

"ಅಂಗಾದ್ರೆ ಈಗ ಏಳ್ಲಾ," ಎಂದರು ನನ್ನ ಕಡೆ ತಿರುಗಿ. "ದೊಡ್ಡೋರ್ನ ಎಷ್ಟೊತ್ತು ನೆಲದ ಮ್ಯಾಲೆ ಕೂರಿಸ್ತೀಯ?"