ಮಿನುಗುತ್ತಲೇ ಇದ್ದ ದೀಪ

“ಮೋಟಾರ್ ಸುಟ್ಟು ಹೊಗಿ ಬಂದ್ರೂ ದೀಪ ಮಿಣಮಿಣ ಅಂತಿತ್ತಂತ ಅಕ್ಕಾರ!” ಗಂಗಾಧರ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ. ಬಳಗಾನೂರಿನ ಗದ್ದೆಯಿಂದ ವಾಪಸು ಬಂದ ಪಂಪ್‌ಸೆಟ್ ಸ್ಟಾರ್ಟರ್ ಅದು. ಸಿಂಧನೂರಿನ ಅವನ ಸಣ್ಣ ವರ್ಕ್‌ಶಾಪಿನಲ್ಲಿ ಇಂಥ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆಯುವವಳು ಅಮರೇಶ್ವರಿ.

ಆಕೆ ಪೆಟ್ಟಿಗೆಗೆ ಕರೆಂಟು ಕೊಟ್ಟು, ನೀರಿನ ಸೆನ್ಸರ್ ವೈರನ್ನು ಕಿತ್ತಳು. ಪ್ರೋಗ್ರಾಂ ಅಲ್ಲೇ ನಿಂತುಬಿಟ್ಟಿತು. ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಮಾತ್ರ ಮಿನುಗುತ್ತಲೇ ಇತ್ತು.

“ಚಿಪ್‌ನಾಗ ವಾಚ್‌ಡಾಗ್ ಅಂತ ಒಂದು ಕಾವಲುನಾಯಿ ಇರ್ತೈತಿ. ಪ್ರೋಗ್ರಾಂ ಆಗಾಗ ಹೋಗಿ ಅದನ್ನ ತಟ್ಟಬೇಕು. ತಟ್ಟಲಿಲ್ಲಂದ್ರ, ಏನೋ ಕೆಟ್ಟೈತಿ ಅಂತ ಎಲ್ಲಾ ಹೊಸದಾಗಿ ಶುರು ಮಾಡತೈತಿ.”

“ಮತ್ತ ಇದ್ಯಾಕ ಮಾಡಲಿಲ್ಲ?”

“ಪೆಟ್ಟಿಗಿ ಪದೇ ಪದೇ ರೀಸ್ಟಾರ್ಟ್ ಆಗತೈತಿ ಅಂತ ಹೋದ ವರ್ಷ ನೀನೇ ಬೊಬ್ಬಿ ಹೊಡದಿ. ತಟ್ಟೋ ಕೆಲಸ ಟೈಮರ್‌ಗೆ ಕೊಟ್ವಿ. ಒಳಗ ಎಲ್ಲಾ ನಿಂತ್ರೂ ಟೈಮರ್ ತನ್ನ ಪಾಡಿಗೆ ತಟ್ಟತೈತಿ.”

“ಅಂದ್ರ ನಾವು ನಾಯಿಗಿ ಅಫೀಮು ತಿನಿಸೀವಿ ಅನ್ರಿ!” ಗಂಗಾಧರ ನಕ್ಕ. ಆಕೆಗೆ ನಗು ಬರಲಿಲ್ಲ.

ಫೋನ್ ಬಂತು. ಊಟದ ಹೊತ್ತು, ಲಿಂಗಸುಗೂರಿನ ಕಚೇರಿಯಿಂದ ಗಂಡ ನಿಂಗರಾಜ. ಇಬ್ಬರ ನೌಕರಿ ಎರಡು ಊರಲ್ಲಾದ ಮೇಲೆ ದಿನಾ ಜಗಳವಾಗುತ್ತಿತ್ತು. ಜಗಳ ಬೇಡವೆಂದು ಮಧ್ಯಾಹ್ನ ಒಂದು ಫೋನ್ ಎಂದು ಗೊತ್ತುಮಾಡಿಕೊಂಡಿದ್ದರು. ಅಂದಿನಿಂದ ಜಗಳವೂ ನಿಂತಿತ್ತು.

“ಊಟ ಆತಾ?”

“ಇಲ್ರಿ.”

“ಚಲೋ ಚಲೋ. ಇಡ್ಲಾ?”

ಫೋನ್ ಕೆಳಗಿಟ್ಟ ಮೇಲೂ ಆಕೆ ಅದನ್ನೇ ನೋಡುತ್ತ ಕುಳಿತಳು. ತಾನು ದಿನದಂತೆ ‘ಹೂಂ’ ಎಂದಿದ್ದರೂ, ಏನೂ ಅನ್ನದಿದ್ದರೂ ಅವನ ಮಾತು ಅದೇ ಇರುತ್ತಿತ್ತು. ಎಷ್ಟು ದಿನದಿಂದ ಹೀಗೆ? ತನ್ನ ‘ಹೂಂ’ನೊಳಗಾದರೂ ತಾನು ಇದ್ದೆನೆ?

ಸಂಜೆಯವರೆಗೆ ಕುಳಿತು ಟೈಮರಿನಿಂದ ಕಾವಲನ್ನು ತಟ್ಟುವ ಸಾಲನ್ನು ತೆಗೆದಳು. ಸೆನ್ಸರ್ ಓದಬೇಕು, ಮೋಟಾರು ನೋಡಬೇಕು, ಮೆಸೇಜು ಕಳಿಸಬೇಕು. ಈ ಮೂರೂ ಕೆಲಸ ಮುಗಿದಿದ್ದರೆ ಮಾತ್ರ ಕಾವಲನ್ನು ತಟ್ಟಬೇಕು ಎಂದು ಬರೆದಳು.

ಮರುದಿನ ಮಧ್ಯಾಹ್ನ ಹೊಸ ಪ್ರೋಗ್ರಾಂ ಹಾಕಿ ಮತ್ತೆ ವೈರು ಕಿತ್ತಳು. ಅಷ್ಟರಲ್ಲಿ ಫೋನ್ ರಿಂಗಾಯಿತು. ಆಕೆ ತೆಗೆಯಲಿಲ್ಲ. ಮೇಜಿನ ಮೇಲೆ ಅದು ನಡುಗಿ ನಡುಗಿ ಸುಮ್ಮನಾಯಿತು. ಪೆಟ್ಟಿಗೆಯ ದೀಪ ಆರಿತು. ಒಂದು ಕ್ಷಣದ ನಂತರ ಒಳಗಿನ ರಿಲೇ ಸ್ವಿಚ್ಚು ಟಕ್ಕೆಂದಿತು, ದೀಪ ಮತ್ತೆ ಹತ್ತಿತು.

“ಎದ್ದು ಬಂತು ನೋಡ್ರಿ ಅಕ್ಕಾರ!” ಎಂದು ಗಂಗಾಧರ ಕೂಗಿದ.

ಫೋನ್ ಮಾತ್ರ ಮತ್ತೆ ರಿಂಗಾಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ದಾಟಿ ರೂಮಿಗೆ ನಡೆಯುವಾಗಲೂ ಆಕೆ ಅದನ್ನು ಕೈಯಲ್ಲೇ ಹಿಡಿದಿದ್ದಳು.

ಮಾರನೆಯ ದಿನ ಅದೇ ಹೊತ್ತಿಗೆ, “ಊಟ ಆತಾ?”

“ನಿನ್ನೆ ಫೋನ್ ತೆಗೀಲಿಲ್ಲ ನಾನು.”

“ಹೂಂ. ಕೆಲಸ ಇರಬೇಕು ಅಂದ್ಕೊಂಡೆ.”

“ಕೆಲಸ ಇರಲಿಲ್ರಿ. ಮತ್ತ ಮಾಡ್ತೀರೇನೋ ಅಂತ ನೋಡಾಕತ್ತಿದ್ದೆ.”

ಆ ಕಡೆ ಫ್ಯಾನಿನ ಸದ್ದು. ಯಾರೋ “ಸಾಹೇಬ್ರ” ಎಂದು ಕರೆದರು, ಅವನು ಓಗೊಡಲಿಲ್ಲ. ಕುರ್ಚಿ ಸರಿದ ಶಬ್ದ, ಬಾಗಿಲು ಮುಚ್ಚಿದ ಶಬ್ದ. ‘ಇಡ್ಲಾ’ ಎನ್ನುವುದಕ್ಕೆ ಆಕೆ ಕಾದಳು. ಅದು ಬರಲಿಲ್ಲ. ಅವನು ಫೋನ್ ಇಡಲೂ ಇಲ್ಲ, ಉಸಿರು ಮಾತ್ರ ಕೇಳುತ್ತಿತ್ತು.

ಕಿವಿ ಬಿಸಿಯಾಗಿತ್ತು. ಅಮರೇಶ್ವರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.