ಎರ್ರಮ್ಮ ನಡೆದ ಗಡಿ

ಚಟ್ಟ ಎಡಕ್ಕೆ ತಿರುಗುತ್ತಿತ್ತು. ಸೌಭಾಗ್ಯ ಮುಂದೆ ಬಂದು ಅಡ್ಡ ನಿಂತಳು.

“ಈ ದಾರಿ ಬ್ಯಾಡ. ಅವ್ವನ್ನ ಕಾವಲಿನ ಅಂಚು ಹಿಡಿದು ಒಯ್ಯೋಣು.”

ಮುಂದೆ ಹೆಗಲು ಕೊಟ್ಟಿದ್ದವನು ಗುರುಬಸವರಾಜ, ಅವಳ ಚಿಕ್ಕಪ್ಪನ ಮಗ. ಗಂಡುಮಕ್ಕಳಿಲ್ಲದ ಅವಳ ತಾಯಿ ಎರ್ರಮ್ಮನಿಗೆ ಮಗನ ಸ್ಥಾನದಲ್ಲಿ ನಿಂತು ಮಣ್ಣು ಮಾಡಬೇಕಾದವನು ಅವನೇ. ಸ್ಮಶಾನಕ್ಕೆ ನೇರ ಹೋದರೆ ಅರ್ಧ ಕಿಲೋಮೀಟರು, ಅಂಚು ಹಿಡಿದರೆ ಮೂರು. ಬಿಸಿಲೇರುತ್ತಿದೆ, ಈ ಸುತ್ತು ಯಾಕೆಂದು ಅವನು ಗೊಣಗಿದ. ಯಾಕೆಂಬುದು ಅವನಿಗೂ ಗೊತ್ತಿತ್ತು.

ಮರುದಿನ ಹತ್ತು ಗಂಟೆಗೆ ಸರ್ವೆಯವರು ಬರುವವರಿದ್ದರು. ಕಾವಲೆಂದರೆ ಊರ ಕುರಿಗಳೆಲ್ಲ ಮೇಯುವ ಹುಲ್ಲುಗಾವಲು, ನೂರಾ ಹದಿನೆಂಟು ಎಕರೆ. ನಕ್ಷೆ ಇತ್ತು, ಹಿಡಿದು ಅಳೆಯಬೇಕಾದ ಗಡಿಕಲ್ಲುಗಳು ಟ್ರ್ಯಾಕ್ಟರಿಗೆ ಸಿಕ್ಕು ಕಿತ್ತುಹೋಗಿದ್ದವು. ಗಡಿ ತೋರಿಸಲು ಎಲ್ಲರೂ ಒಪ್ಪಿದ್ದು ಎರ್ರಮ್ಮನೊಬ್ಬಳನ್ನೇ. ನಿನ್ನೆ ಸಂಜೆ ಅವಳು ಕುರಿಹಟ್ಟಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟಿದ್ದಳು. ಸೌಭಾಗ್ಯಳಿಗೂ ಗಡಿ ಗೊತ್ತು. ಆದರೆ ಹಗರಿಬೊಮ್ಮನಹಳ್ಳಿಗೆ ಮದುವೆಯಾಗಿ ಹೋದವಳ ಮಾತನ್ನು ಇಲ್ಲಿ ಯಾರು ಬರೆದುಕೊಳ್ಳುತ್ತಾರೆ? ಇಂದು ಊರು ನಡೆದರೆ ನಾಳೆ ಊರೇ ತೋರಿಸಬಹುದು.

ಹಿರಿಯ ಗಾದೆಪ್ಪ ಕೋಲೂರಿ ಮುಂದೆ ಬಂದ.

“ಹೊತ್ತ ಮ್ಯಾಲ ವಾದ ಮಾಡಂಗಿಲ್ಲ. ಇದ್ದಾಗೂ ಈಕಿ ನಮ್ಮನ್ನ ಸುಮ್ನ ಕುಂದ್ರಗೊಡಲಿಲ್ಲ, ಈಗ್ಲೂ ಬಿಡವಲ್ಲಳು. ನಡಿಯೋ ತಮ್ಮಾ.”

*

ಮುಂಗಾರು ಬಿದ್ದ ದಿನದಿಂದ ದೀಪಾವಳಿಯವರೆಗೆ ಕಾವಲಿನೊಳಗೆ ಒಂದು ಕುರಿಯೂ ಕಾಲಿಡುವಂತಿರಲಿಲ್ಲ. ಮತ್ತೆ ಕುರಿ ಒಳಬಿಡುವ ಮುಂಜಾನೆ ಕುರಿಯವರೆಲ್ಲ ಗಡಿ ಸುತ್ತುವುದು ಹಿಂದಿನವರ ರೂಢಿ. ಗಂಡಸರು ಒಬ್ಬೊಬ್ಬರೇ ಬಿಟ್ಟರು, ಎರ್ರಮ್ಮ ಬಿಡಲಿಲ್ಲ. ಆಗ ಎಂಟು ವರ್ಷದ ಸೌಭಾಗ್ಯ ಕಾಲುನೋವೆಂದು ಅತ್ತರೆ ಗದರುತ್ತಲೂ ಇರಲಿಲ್ಲ.

“ಇಲ್ಲಿ ಅಳಬ್ಯಾಡ. ಕರಿಗುಂಡಿನತಾಕ ಬಂದು ಅಳು. ಅತ್ತ ಜಾಗ ನೆನಪಿರ್ತೈತಿ.”

*

ಕರಿಗುಂಡಿನ ಬಳಿ, ಆ ದೊಡ್ಡ ಕಪ್ಪು ಬಂಡೆಯ ಪಕ್ಕ, ಗುರುಬಸವರಾಜ ನಿಂತುಬಿಟ್ಟ. ದಾರಿಯುದ್ದಕ್ಕೂ ಬಾರಿಸುತ್ತ ಬಂದಿದ್ದ ಹಲಗೆಯ ಸದ್ದೂ ನಿಂತಿತು. ಇಲ್ಲಿಂದ ಗಡಿ ನೇರ ಎದುರಿನ ಬೇವಿನ ಮರಕ್ಕೆ. ನಡುವೆ ಇದ್ದದ್ದು ಮೂರು ವರ್ಷದಿಂದ ಅವನು ಕಾವಲು ಒತ್ತಿ ಉಳುತ್ತಿದ್ದ ಎರಡು ಎಕರೆ, ಮೊಣಕಾಲೆತ್ತರದ ಮೆಕ್ಕೆಜೋಳ.

“ಬದುವಿನ ಮ್ಯಾಲ ಹೋದ್ರ ಆಗಂಗಿಲ್ಲೇನು, ಅಕ್ಕಾ?” ಎಂದ, ಮೆಲ್ಲಗೆ.

“ಬದು ನೀ ಹಾಕಿದ್ದು. ಅವ್ವ ಹಿಂಗ ಹೋಗ್ತಿದ್ಲು.”

ಸೌಭಾಗ್ಯ ಚಟ್ಟದ ಮುಂದೆ ಎರಚುವ ಮಂಡಕ್ಕಿಯ ಮೊರ ಹಿಡಿದು ಪೈರಿನೊಳಗೆ ಇಳಿದಳು. ಹಿಡಿಹಿಡಿಯಾಗಿ ಎರಚುತ್ತ ಬೇವಿನ ಮರವನ್ನೇ ನೋಡುತ್ತ ನಡೆದಳು. ಹಿಂದೆ ಹೆಜ್ಜೆಯ ಸದ್ದಿಲ್ಲ. ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಅವನ ಹೆಗಲು ಬದಲಿಸಲು ಯಾರೋ ಮುಂದೆ ಬಂದಿರಬೇಕು. “ಬ್ಯಾಡ, ನಾನ ಒಯ್ತೀನಿ” ಎಂಬ ಮಾತು ಕೇಳಿಸಿತು. ಆಮೇಲೆ ದಂಟು ಮುರಿಯುವ ಸದ್ದು. ಮೊದಲು ಒಂದು, ಮತ್ತೆ ನಾಲ್ಕಾರು.

ಬೇವಿನ ಮರ ಮುಟ್ಟಿ ಅವಳು ತಿರುಗಿದಳು. ಚಟ್ಟದ ಹಿಂದೆ ಊರು ಇಬ್ಬಿಬ್ಬರಾಗಿ ಹೊಲದೊಳಗೆ ಬರುತ್ತಿತ್ತು. ತುಳಿದ ದಾರಿಯ ಎರಡೂ ಬದಿಗೆ, ಇನ್ನೂ ನಿಂತಿದ್ದ ಮೆಕ್ಕೆಜೋಳದ ಸುಳಿಗಳಲ್ಲಿ, ಮಂಡಕ್ಕಿ ಸಿಕ್ಕಿಕೊಂಡು ಕರಿಗುಂಡಿನವರೆಗೂ ಬೆಳ್ಳಗೆ ಕಾಣುತ್ತಿತ್ತು.